ಬೆಲ್ಟ್ ತುಂಡಾದರೂ ಎಂಜಿನ್ ನಿಲ್ಲುವುದಿಲ್ಲ

ಘಾಟಿ ಇಳಿಯುವಾಗ ಹಳೆಯ ಪಿಕಪ್‌ನ ಫ್ಯಾನ್ ಬೆಲ್ಟ್ ತುಂಡಾದರೆ ಮೊದಲ ಕೆಲವು ಕ್ಷಣ ಏನೂ ಆದಂತೆ ಕಾಣುವುದಿಲ್ಲ. ಬಾನೆಟ್ ಒಳಗೆ ‘ಟಪ್’ ಎಂದು ಒಂದು ಸದ್ದು. ಕಲ್ಲು ಸಿಡಿದಿರಬೇಕು ಅಂದುಕೊಂಡು ಡ್ರೈವರ್ ಗೇರ್ ಬದಲಿಸಿ ಮುಂದಕ್ಕೆ ಹೋಗುತ್ತಾನೆ. ಎಂಜಿನ್ ಎಂದಿನಂತೆ ಗುಡುಗುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿರುತ್ತದೆ; ಹಗಲಿನ ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ತಿರುವು ಕಳೆದ ಮೇಲೆ ಬ್ರೇಕ್ ಒತ್ತಿದರೆ ಪೆಡಲು ಕಲ್ಲಾಗಿರುತ್ತದೆ.

ಪೆಟ್ರೋಲ್ ಮುಗಿದ ಬೈಕಿನಂತೆ ಗಾಡಿ ತಾನಾಗಿ ನಿಂತುಬಿಟ್ಟಿದ್ದರೆ ಎಷ್ಟೋ ಒಳ್ಳೆಯದಿತ್ತು. ಆದರೆ ಹಳೆಯ ಡೀಸೆಲ್ ಎಂಜಿನ್ ಹಾಗೆ ನಿಲ್ಲುವುದಿಲ್ಲ. ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಡೀಸೆಲನ್ನು ಚಿಮ್ಮಿಸುವ ಪಂಪನ್ನು ಒಳಗಿನ ಗೇರುಗಳೇ ತಿರುಗಿಸುತ್ತವೆ. ಒಮ್ಮೆ ಸ್ಟಾರ್ಟ್ ಆದ ಮೇಲೆ ಅದಕ್ಕೆ ಕರೆಂಟಿನ ಹಂಗೇ ಹೆಚ್ಚು ಇಲ್ಲ. ಬೆಲ್ಟ್ ಹೋದಾಗ ನಿಲ್ಲುವುದು ಎಂಜಿನ್ ಅಲ್ಲ, ಎಂಜಿನ್ನನ್ನೂ ಡ್ರೈವರನ್ನೂ ಕಾಪಾಡುವ ಉಳಿದೆಲ್ಲ. ನೀರನ್ನು ಸುತ್ತಿಸುವ ಪಂಪು, ಅಂದರೆ ಗ್ಯಾರೇಜಿನವರ ಬಾಯಲ್ಲಿ ವಾಟರ್ ಬಾಡಿ, ನಿಲ್ಲುತ್ತದೆ. ಅದರ ಮುಂದಿರುವ ಫ್ಯಾನ್ ನಿಲ್ಲುತ್ತದೆ. ಆಲ್ಟರ್ನೇಟರ್ ನಿಲ್ಲುತ್ತದೆ, ಮೇಸ್ತ್ರಿಗಳು ಇವತ್ತಿಗೂ ಅದನ್ನು ಡೈನಮೋ ಎಂದೇ ಕರೆಯುತ್ತಾರೆ. ಟಾಟಾ 207, ಹಳೆಯ ಬೊಲೆರೊದಂಥ ಗಾಡಿಗಳಲ್ಲಿ ಆ ಡೈನಮೋದ ಬೆನ್ನಿಗೇ ಒಂದು ಪುಟ್ಟ ವ್ಯಾಕ್ಯೂಮ್ ಪಂಪ್ ಅಂಟಿಕೊಂಡಿರುತ್ತದೆ. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಬಲ ಬರುವುದು ಅದರಿಂದ. ಬೂಸ್ಟರಿನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟಕ್ಕೆ ಸಾಕಾಗುತ್ತದೆ. ಆಮೇಲೆ ಕಾಲಿನ ಬಲವೊಂದೇ ಗತಿ.

ಒಂದು ಮೀಟರಿನಷ್ಟು ಉದ್ದದ, ಬೆರಳಗಲದ ರಬ್ಬರ್ ಪಟ್ಟಿಯ ಮೇಲೆ ಇಷ್ಟೆಲ್ಲ ನಿಂತಿದೆ. ಅದರ ಬೆಲೆ ಕೆಲವು ನೂರು ರೂಪಾಯಿ. ಆದರೂ ನಮ್ಮ ಹಳ್ಳಿ–ಪೇಟೆಗಳಲ್ಲಿ ಓಡುವ ಹಳೆಯ ಪಿಕಪ್‌ಗಳಲ್ಲಿ ಕಟ್ ಆಗುವವರೆಗೂ ಯಾರೂ ತಿರುಗಿ ನೋಡದ ಭಾಗವೆಂದರೆ ಇದೇ. ಆಯಿಲ್ ಬದಲಿಸುತ್ತಾರೆ, ಟೈರಿಗೆ ಗಾಳಿ ಹಿಡಿಸುತ್ತಾರೆ, ಆಯುಧಪೂಜೆಗೆ ಹೂವಿನ ಹಾರ ಹಾಕುತ್ತಾರೆ. ಬೆಲ್ಟ್ ವಿಷಯ ಬಂದರೆ ಮಾತ್ರ, “ಇನ್ನೊಂದ್ ಲೋಡ್ ಹೊಡ್ಕೊಂಡ್ ಬರ್ತೀನಿ ಬಿಡಣ್ಣ, ಆಮೇಲ್ ನೋಡಾಣ” ಎಂಬ ಮಾತು.

ಆ ಲೋಡಿನ ಅವಸರವೂ ಸುಳ್ಳಲ್ಲ. ಟೆಲ್ಕೊ ಕಂಪನಿ ಟಾಟಾಮೊಬೈಲ್ 206 ಪಿಕಪ್ಪನ್ನು ರಸ್ತೆಗಿಳಿಸಿದ್ದು 1988ರಲ್ಲಿ. ಮಹೀಂದ್ರಾದ ಬೊಲೆರೊ ಬಂದದ್ದು 2000ದಲ್ಲಿ; ಅದರ ಬೆನ್ನಿಗೆ ಅದೇ ಹೆಸರಿನ ಪಿಕಪ್‌ಗಳು ಬಂದವು. ಕೋಲಾರದ ಟೊಮೆಟೊ, ಮಲೆನಾಡಿನ ಅಡಿಕೆ, ತಿಪಟೂರಿನ ಕೊಬ್ಬರಿ, ಹಾಸನದ ತರಕಾರಿ ಎಲ್ಲವನ್ನೂ ಊರಿಂದ ಮಂಡಿಗೆ ಮುಟ್ಟಿಸಿದ್ದು ಇಂಥ ಗಾಡಿಗಳು. ಈಗ ಅವುಗಳಲ್ಲಿ ಎಷ್ಟೋ ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿವೆ. ಕಂಪನಿಯ ಪುಸ್ತಕ ಕೈ ಬದಲಾಗುವಾಗಲೇ ಕಳೆದುಹೋಗಿರುತ್ತದೆ. ಹಿಂದಿನ ಬೆಲ್ಟ್ ಯಾವಾಗ ಹಾಕಿದ್ದು ಎಂದು ಹೇಳುವವರು ಇರುವುದಿಲ್ಲ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಟೈಮಿಂಗ್ ಬೆಲ್ಟ್ ಬೇರೆ, ಫ್ಯಾನ್ ಬೆಲ್ಟ್ ಬೇರೆ. ಕ್ವಾಲಿಸ್‌ನಂಥ ಗಾಡಿಗಳಲ್ಲಿ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕೆಲಸಕ್ಕೆ ಮುಚ್ಚಳದೊಳಗೆ ಹಲ್ಲಿನ ಬೆಲ್ಟ್ ಇರುತ್ತದೆ. ಅದು ಕಟ್ ಆದರೆ ಎಂಜಿನ್ ನಿಲ್ಲುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಬಡಿದು ಒಳಗೆಲ್ಲ ಹಾಳಾಗಬಹುದು. ಅದನ್ನು ಬಲ್ಲ ಮೇಸ್ತ್ರಿಯ ಕೈಗೇ ಬಿಡಬೇಕು. ನಾನು ಹೇಳುತ್ತಿರುವುದು ಬಾನೆಟ್ ಎತ್ತಿದೊಡನೆ ಎದುರಿಗೆ ಕಾಣುವ, ಹೊರಗಿನ ಬೆಲ್ಟುಗಳ ಮಾತು. ಇದನ್ನು ಮಾಲೀಕನೇ ಬದಲಿಸಬಹುದು; ಕಲಿತಿರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೈ ಹಾಕುವ ಮುಂಚೆ ಈ ಪಟ್ಟಿ ಕೆಲಸ ಮಾಡುವ ಬಗೆ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಹಳೆಯ ಗಾಡಿಗಳ ಬೆಲ್ಟಿನ ಅಡ್ಡಕೊಯ್ತ ಇಂಗ್ಲಿಷಿನ ‘ವಿ’ ಅಕ್ಷರದಂತೆ ಇರುತ್ತದೆ: ಮೇಲೆ ಅಗಲ, ಕೆಳಗೆ ಕಿರಿದು. ಅಮೆರಿಕದ ಡೆನ್ವರಿನಲ್ಲಿ ಜಾನ್ ಗೇಟ್ಸ್ ಎಂಬವರು ರಬ್ಬರು ಮತ್ತು ಬಟ್ಟೆಯಿಂದ ಇಂಥ ಬೆಲ್ಟನ್ನು ರೂಪಿಸಿದ್ದು 1917ರಲ್ಲಿ. ಪುಲ್ಲಿಯ ತೋಡಿನೊಳಗೆ ಅದು ಸೌದೆಗೆ ಹೊಡೆದ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಎಳೆದಷ್ಟೂ ಒಳಕ್ಕೆ ಇಳಿಯುತ್ತದೆ, ಇಳಿದಷ್ಟೂ ಎರಡು ಪಕ್ಕಗಳ ಹಿಡಿತ ಬಿಗಿಯಾಗುತ್ತದೆ.

ಆ ಹಿಡಿತ ಎಷ್ಟು ಎಂಬುದಕ್ಕೆ ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರವೇ ಇದೆ. ರಬ್ಬರು–ಕಬ್ಬಿಣದ ನಡುವಿನ ಘರ್ಷಣೆಯ ಅಂಕ 0.3 ಎಂದಿಟ್ಟುಕೊಳ್ಳೋಣ, ಬೆಲ್ಟ್ ಪುಲ್ಲಿಯನ್ನು ಅರ್ಧ ಸುತ್ತು ತಬ್ಬಿದೆ ಎನ್ನೋಣ. ಚಪ್ಪಟೆ ಬೆಲ್ಟಾದರೆ ಸಡಿಲ ಬದಿಯ 10 ಕೆ.ಜಿ. ಎಳೆತಕ್ಕೆ ಬಿಗಿ ಬದಿಯಲ್ಲಿ ಹೆಚ್ಚೆಂದರೆ 25 ಕೆ.ಜಿ. ಹಿಡಿದೀತು, ಅದಕ್ಕಿಂತ ಮೇಲೆ ಹೋದರೆ ಜಾರುತ್ತದೆ. ಅದೇ ಬೆಲ್ಟು 38 ಡಿಗ್ರಿ ಕೋನದ ‘ವಿ’ ಆಕಾರದಲ್ಲಿದ್ದರೆ ಸುಮಾರು 180 ಕೆ.ಜಿ.ವರೆಗೂ ಹಿಡಿಯುತ್ತದೆ. ರಬ್ಬರು ಅದೇ, ಕಬ್ಬಿಣ ಅದೇ, ಆಕಾರವೊಂದೇ ಬೇರೆ.

ಅಂದಮೇಲೆ ಬೆಲ್ಟಿನ ಜೀವ ಇರುವುದು ಅದರ ಎರಡು ಪಕ್ಕಗಳಲ್ಲಿ, ತಳದಲ್ಲಿ ಅಲ್ಲ. ತಳ ಪುಲ್ಲಿಯ ತಳಕ್ಕೆ ತಾಗಲೇಬಾರದು. ಪುಲ್ಲಿಯೊಳಗಿನ ತಳ ಫಳಫಳ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ಕೆಳಗೆ ಕುಳಿತಿದೆ, ಇಲ್ಲವೇ ಪುಲ್ಲಿಯೇ ಸವೆದಿದೆ, ಇಲ್ಲವೇ ಯಾರೋ ಕಿರಿದಾದ ಬೆಲ್ಟ್ ಹಾಕಿದ್ದಾರೆ ಎಂದೇ ಅರ್ಥ. ಬೆಣೆ ಕೆಲಸ ನಿಲ್ಲಿಸಿದೆ. ಇನ್ನು ಎಷ್ಟು ಬಿಗಿದರೂ ಅದು ಜಾರುತ್ತದೆ. ಪಕ್ಕಗಳು ಗಾಜಿನಂತೆ ನುಣುಪಾಗಿದ್ದರೂ ಅದೇ ಕಥೆ. ಎಂಜಿನ್ ಆಯಿಲ್ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಕಿರುಗುಟ್ಟುವ ಬೆಲ್ಟಿಗೆ ಸೋಪು ತಿಕ್ಕುವುದು, ಗ್ರೀಸ್ ಸವರುವುದು ಬೇಡವೇ ಬೇಡ. ಸದ್ದು ಒಂದು ದಿನ ಅಡಗೀತು. ಆದರೆ ಸದ್ದೇ ಎಚ್ಚರಿಕೆಯಾಗಿತ್ತು.

ಬೆಲ್ಟಿಗೆ ಎಷ್ಟು ಕಿಲೋಮೀಟರ್ ಆಯುಸ್ಸು ಎಂದು ಎಲ್ಲರೂ ಕೇಳುತ್ತಾರೆ. ದುಡಿಯುವ ಪಿಕಪ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಕ್ರ್ಯಾಂಕ್ ಪುಲ್ಲಿಯ ಅಡ್ಡಳತೆ 15 ಸೆಂ.ಮೀ. ಇದ್ದರೆ, ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಬೆಲ್ಟ್ ಸೆಕೆಂಡಿಗೆ ಹತ್ತಿರ ಹತ್ತಿರ 16 ಮೀಟರ್ ಓಡುತ್ತದೆ, ಗಂಟೆಗೆ 56 ಕಿ.ಮೀ. ಒಂದು ಮೀಟರ್ ಉದ್ದದ ಬೆಲ್ಟ್ ಮೂರು ಪುಲ್ಲಿಗಳ ಮೇಲೆ ಹಾಯುತ್ತದೆ ಎಂದುಕೊಂಡರೆ ಅದರ ಪ್ರತಿಯೊಂದು ಭಾಗವೂ ಗಂಟೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸಲ ಬಾಗಿ ನೆಟ್ಟಗಾಗುತ್ತದೆ. ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿದ್ದರೂ ಬೆಲ್ಟ್ ಬಾಗುತ್ತಲೇ ಇರುತ್ತದೆ. ಮಂಡಿಯ ಗೇಟಿನ ಮುಂದೆ ಸಾಲಿನಲ್ಲಿ ಎಂಜಿನ್ ಆರಿಸದೆ ಕಾಯುವ ಗಾಡಿಯ ಮೀಟರಿನಲ್ಲಿ ಆ ಓಟ ದಾಖಲಾಗುವುದಿಲ್ಲ. ಮೊದಲನೇ ಗೇರಿನಲ್ಲಿ ತೋಟದ ಏರು ಹತ್ತುವ ಗಾಡಿಯದೂ ಹಾಗೆಯೇ: ಎಂಜಿನ್ ಸುತ್ತು ಹೆಚ್ಚು, ಕಿಲೋಮೀಟರ್ ಕಡಿಮೆ, ಬಾನೆಟ್ ಒಳಗೆ ಬೆಂಕಿಯಂಥ ಶಾಖ. ಬೆಲ್ಟಿನ ಒಳಗಿನ ಬಿಸಿ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಬೆಲ್ಟ್ ತಯಾರಕರು ಬಳಸುವ ಸ್ಥೂಲ ಲೆಕ್ಕ. ಇದರ ಮೇಲೆ ಕರಾವಳಿಯ ಕೆಂಪು ಧೂಳು, ಬಯಲುಸೀಮೆಯ ಮರಳು, ಸುಗ್ಗಿ ಇಲ್ಲದ ತಿಂಗಳುಗಳಲ್ಲಿ ಶೆಡ್ಡಿನಲ್ಲಿ ನಿಂತ ಗಾಡಿಗೆ ಇಲಿಗಳ ಕಾಟ.

ಒಳ್ಳೆಯ ಸಂಗತಿಯೆಂದರೆ ಬೆಲ್ಟ್ ಮುನ್ಸೂಚನೆ ಕೊಡದೆ ಹೋಗುವುದು ಅಪರೂಪ. ಬೆಳಗಿನ ತಂಪಿನಲ್ಲಿ ಸ್ಟಾರ್ಟ್ ಮಾಡಿದಾಗ ‘ಕೀಂಽ’ ಎಂದು ಕೂಗಿ ಸುಮ್ಮನಾಗುತ್ತದೆ. ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟನ್ನು ಬ್ಯಾಟರಿಗೆ ತುಂಬಲು ಡೈನಮೋ ಆಗ ಹೆಚ್ಚು ಭಾರ ಎಳೆಯುತ್ತದೆ, ಸಡಿಲ ಬೆಲ್ಟ್ ಜಾರುತ್ತದೆ, ಅದಕ್ಕೇ ಆ ಕೂಗು. ಹಕ್ಕಿಯ ಹಾಗೆ ಚಿಲಿಚಿಲಿ ಬಿಟ್ಟುಬಿಟ್ಟು ಬರುವ ಸದ್ದು ಬೇರೆ. ಅದು ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎನ್ನುವುದರ ಗುರುತು. ಎರಡನ್ನೂ ಬೇರ್ಪಡಿಸಲು ಗ್ಯಾರೇಜಿನಲ್ಲಿ ಒಂದು ಸರಳ ಪರೀಕ್ಷೆ ಇದೆ. ಎಂಜಿನ್ ಐಡಲ್‌ನಲ್ಲಿರುವಾಗ ಸ್ಪ್ರೇ ಬಾಟಲಿಯಿಂದ ದೂರದಲ್ಲೇ ನಿಂತು ಬೆಲ್ಟಿನ ಒಳಬದಿಗೆ ಸ್ವಲ್ಪ ನೀರು ಚಿಮ್ಮಿಸಿ. ಸದ್ದು ಅಡಗಿ ಮತ್ತೆ ಬಂದರೆ ಸಾಲು ತಪ್ಪಿದೆ. ಸದ್ದು ಜೋರಾದರೆ ಬಿಗಿ ಸಾಲದು.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಬೆಲ್ಟನ್ನು ಒಳಮೈ ಕಾಣುವಂತೆ ತಿರುಚಿ ನೋಡಿದರೆ ಬಿರುಕು, ಅಂಚಿನಲ್ಲಿ ಎದ್ದ ನೂಲು, ಕಿತ್ತುಹೋದ ತುಣುಕು ಸಿಗುತ್ತವೆ. ನೂಲು ಎದ್ದಿದ್ದರೆ ಮಾತೇ ಇಲ್ಲ, ಅಂದೇ ಬದಲಿಸಬೇಕು. ಎಳೆತವನ್ನೆಲ್ಲ ಹೊರುವುದು ಆ ನೂಲುಗಳೇ. ಇನ್ನೊಂದು ಮಾತು ಹೇಳಲೇಬೇಕು. ಇತ್ತೀಚಿನ ಬೆಲ್ಟುಗಳಲ್ಲಿ ಬಳಸುವ ಇಪಿಡಿಎಂ ಎಂಬ ರಬ್ಬರು ಹಳೆಯ ನಿಯೋಪ್ರೀನ್‌ನ ಹಾಗೆ ಸುಲಭವಾಗಿ ಬಿರಿಯುವುದಿಲ್ಲ. ಟೈರಿನಂತೆ ಸದ್ದಿಲ್ಲದೆ ಸವೆಯುತ್ತದೆ. ಬಿರುಕಿಲ್ಲ, ಹಾಗಾಗಿ ಬೆಲ್ಟ್ ಚೆನ್ನಾಗಿದೆ ಎಂಬ ಹಳೆಯ ತೀರ್ಮಾನ ಇಲ್ಲಿ ಕೈಕೊಡುತ್ತದೆ.

ಹೊಸದನ್ನು ಕೊಳ್ಳಲು ಹೋದಾಗ ಹಳೆಯ ಬೆಲ್ಟನ್ನು ಕೌಂಟರಿನ ಮೇಲಿಟ್ಟು “ಇಂಥದ್ದೇ ಕೊಡಿ” ಎನ್ನುವುದು ರೂಢಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಸ್ಪೇರ್ಸ್ ಅಂಗಡಿಯವರೆಗೆ ಎಲ್ಲೆಡೆ ಇದೇ ನಡೆಯುತ್ತದೆ. ಆದರೆ ಓಡಿ ಸವೆದ ಬೆಲ್ಟಿನ ಅಳತೆ ನಂಬಬಾರದು, ಅದರ ಮೇಲೆ ಅಚ್ಚಾದ ಸಂಖ್ಯೆ ನಂಬಬೇಕು. ‘ಎವಿ 10 × 1000’ ಎಂದಿದ್ದರೆ ಮೇಲ್ಭಾಗದ ಅಗಲ 10 ಮಿ.ಮೀ., ಸುತ್ತಳತೆ 1,000 ಮಿ.ಮೀ. ‘6ಪಿಕೆ 1795’ ಎಂದಿದ್ದರೆ ಅದು ಉದ್ದುದ್ದ ಗೆರೆಗಳಿರುವ ಅಗಲ ಬೆಲ್ಟು: ಆರು ಗೆರೆ, 1,795 ಮಿ.ಮೀ. ಉದ್ದ. ಹಿಂದಿನ ಮಾಲೀಕ ಹಾಕಿದ್ದೇ ತಪ್ಪು ಅಳತೆಯದಾಗಿರುವುದೂ ಉಂಟು. ಆದ್ದರಿಂದ ಗಾಡಿಯ ಮಾಡೆಲ್, ಎಂಜಿನ್ ಯಾವುದು ಎಂದು ಹೇಳಿ ಪಟ್ಟಿಯಲ್ಲಿ ತಾಳೆ ನೋಡಿಸುವುದು ಒಳ್ಳೆಯದು. ಮಧುರೈನ ಫೆನ್ನರ್, ನಾಗಪುರದ ಪಿಕ್ಸ್ ಮುಂತಾದ ಹೆಸರಾಂತ ಬೆಲ್ಟುಗಳು ನಮ್ಮ ದೇಶದಲ್ಲೇ ತಯಾರಾಗುತ್ತವೆ. ಗೊತ್ತಿಲ್ಲದ ಡಬ್ಬಿಯ ಬೆಲ್ಟಿಗೆ ಉಳಿಯುವ ಐವತ್ತು–ನೂರು ರೂಪಾಯಿ ಉಳಿತಾಯವೇ ಅಲ್ಲ. ಒಂದೇ ಪುಲ್ಲಿಯ ಮೇಲೆ ಜೋಡಿ ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಇಲ್ಲದಿದ್ದರೆ ಹಿಗ್ಗಿದ ಹಳೆಯದು ಸುಮ್ಮನೆ ಸುತ್ತುತ್ತದೆ, ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಇನ್ನು ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೀಲಿ ನಿಮ್ಮ ಜೇಬಿನಲ್ಲಿರಬೇಕು, ಸೀಟಿನ ಮೇಲಲ್ಲ. ಒಳಗೆ ಕೂತ ಹುಡುಗ ಸೆಲ್ಫ್ ಒತ್ತಿದರೆ ಫ್ಯಾನಿನ ಎಲೆ ಬೆರಳು ಉಳಿಸುವುದಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಡೈನಮೋದ ಹಿಂದಿನ ದಪ್ಪ ತಂತಿಯಲ್ಲಿ ಸದಾ ಕರೆಂಟ್ ಇರುತ್ತದೆ, ಸ್ಪ್ಯಾನರ್ ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ. ಬೆಲ್ಟ್ ಯಾವ ಪುಲ್ಲಿಯ ಮೇಲೆ ಹೇಗೆ ಹೋಗಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಡೈನಮೋ ಎರಡು ಕಡೆ ಹಿಡಿದಿರುತ್ತದೆ: ಕೆಳಗೆ ತಿರುಗಣೆಯಂಥ ಉದ್ದ ಬೋಲ್ಟು, ಮೇಲೆ ಬಾಗಿದ ಪಟ್ಟಿಯ ಸೀಳಿನಲ್ಲಿ ಇನ್ನೊಂದು. ಎರಡನ್ನೂ ಸಡಿಲಿಸಬೇಕು, ಪೂರ್ತಿ ಬಿಚ್ಚಬಾರದು. ಕೆಳಗಿನದನ್ನು ಸಡಿಲಿಸದೆ ಮೇಲಿನದನ್ನಷ್ಟೇ ಸಡಿಲಿಸಿ ಬಲವಂತ ಮಾಡುವುದರಿಂದಲೇ ಬ್ರಾಕೆಟ್ ಸೀಳುತ್ತದೆ. ಸಡಿಲಾದ ಡೈನಮೋವನ್ನು ಎಂಜಿನ್ ಕಡೆಗೆ ತಳ್ಳಿದರೆ ಬೆಲ್ಟ್ ಜೋಲುತ್ತದೆ. ಅದನ್ನು ಪುಲ್ಲಿಗಳಿಂದ ಕಳಚಿ, ಫ್ಯಾನಿನ ಒಂದೊಂದೇ ಎಲೆಯ ಮೇಲಿಂದ ದಾಟಿಸಿ ಹೊರಗೆ ತರಬೇಕು. ಎಲೆಯ ತುದಿಗೂ ಸುತ್ತಲಿನ ಕವಚಕ್ಕೂ ನಡುವೆ ಜಾಗ ಬಹಳ ಕಿರಿದು. ಈ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೊಂದೇ ಹಂತ. ಪವರ್ ಸ್ಟಿಯರಿಂಗಿಗೆ ಬೇರೆ ಬೆಲ್ಟ್ ಮುಂದಿದ್ದರೆ ಮೊದಲು ಅದನ್ನು ತೆಗೆಯಬೇಕಾಗುತ್ತದೆ. ಹೇಗೂ ಬಿಚ್ಚಿದ್ದಾಯಿತಲ್ಲ, ಎರಡೂ ಹೊಸದು ಹಾಕಿ.

ಬೆಲ್ಟ್ ಇಲ್ಲದ ಈ ಹತ್ತು ನಿಮಿಷ ಬಹಳ ಬೆಲೆಯುಳ್ಳದ್ದು. ಬೇರೆ ಯಾವಾಗಲೂ ನೋಡಲಾಗದ್ದನ್ನು ಈಗ ನೋಡಬಹುದು. ವಾಟರ್ ಬಾಡಿಯ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಗರಗರ ಎಂದರೆ, ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಮುಗಿದಿದೆ. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಕೂಲಂಟಿನ ಕಲೆ ಇಳಿದಿದ್ದರೆ ಒಳಗಿನ ಸೀಲು ಸೋರುತ್ತಿದೆ. ಡೈನಮೋ ಪುಲ್ಲಿಯನ್ನೂ ಹಾಗೆಯೇ ತಿರುಗಿಸಿ ನೋಡಿ. ಬೇರಿಂಗ್ ಹಿಡಿದಿರುವ ಪುಲ್ಲಿಯ ಮೇಲೆ ಹೊಸ ಬೆಲ್ಟ್ ಹಾಕಿದರೆ ಅದೂ ಬೇಗನೆ ಸುಟ್ಟುಹೋಗುತ್ತದೆ. ಪುಲ್ಲಿಗಳ ತೋಡನ್ನು ಒಣ ಬಟ್ಟೆಯಿಂದ ಒರೆಸಿ, ನೇರವಾದ ಪಟ್ಟಿಯೊಂದನ್ನು ಆನಿಸಿ ಒಂದೇ ಸಾಲಿನಲ್ಲಿವೆಯೇ ನೋಡಿ.

ಹೊಸ ಬೆಲ್ಟ್ ಕೈಯಿಂದಲೇ ಕೂರಬೇಕು. ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಹತ್ತಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹಾಗೆ ಮೀಟಿದಾಗ ಒಳಗಿನ ನೂಲುಗಳು ಕಣ್ಣಿಗೆ ಕಾಣದಂತೆ ಕಡಿದುಹೋಗುತ್ತವೆ. ಹೊಸ ಬೆಲ್ಟ್ ತಿಂಗಳೊಳಗೆ ಕಟ್ ಆದಾಗ ಬೈಗುಳ ಕಂಪನಿಗೆ ಹೋಗುತ್ತದೆ. ಕೂರದಿದ್ದರೆ ಡೈನಮೋ ಇನ್ನೂ ಒಳಕ್ಕೆ ಸರಿಯಬೇಕು, ಇಲ್ಲವೇ ಬೆಲ್ಟ್ ಗಿಡ್ಡವಾಗಿದೆ.

ಈಗ ಬಿಗಿಯುವುದು. ನನ್ನ ಪ್ರಕಾರ ಈ ಇಡೀ ಕೆಲಸದ ವಿದ್ಯೆ ಇರುವುದು ಇಲ್ಲೇ. ಟಾಮಿ ರಾಡನ್ನು ಡೈನಮೋದ ಗಟ್ಟಿ ಭಾಗಕ್ಕೆ ಕೊಟ್ಟು ಹೊರಕ್ಕೆ ಮೀಟಿ ಹಿಡಿದು ಮೇಲಿನ ಬೋಲ್ಟ್ ಬಿಗಿಯಬೇಕು, ಆಮೇಲೆ ಕೆಳಗಿನದು. ಅಲ್ಯೂಮಿನಿಯಂ ಮೈಗಾಗಲೀ ವ್ಯಾಕ್ಯೂಮ್ ಪಂಪಿನ ಆಯಿಲ್ ಪೈಪಿಗಾಗಲೀ ರಾಡ್ ತಾಗಬಾರದು. ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸಾಮಾನ್ಯವಾಗಿ ಒಂದು ಸೆಂ.ಮೀ. ಆಸುಪಾಸು ತಗ್ಗಬೇಕು, ನಿಮ್ಮ ಗಾಡಿಯ ಪುಸ್ತಕ ಸಿಕ್ಕರೆ ಅದರ ಅಳತೆಯೇ ಪ್ರಮಾಣ. ಸಡಿಲವಾದರೆ ಜಾರುವುದು ಎಲ್ಲರಿಗೂ ಗೊತ್ತು. ಅತಿ ಬಿಗಿಯ ಕೇಡು ಎಷ್ಟೋ ಜನಕ್ಕೆ ಗೊತ್ತಿಲ್ಲ: ವೀಣೆಯ ತಂತಿಯ ಹಾಗೆ ಎಳೆದು ಕಟ್ಟಿದ ಬೆಲ್ಟ್ ಸದ್ದು ಮಾಡುವುದಿಲ್ಲ, ಆದರೆ ವಾಟರ್ ಬಾಡಿಯ ಮತ್ತು ಡೈನಮೋದ ಬೇರಿಂಗನ್ನು ದಿನವೂ ತಿನ್ನುತ್ತದೆ. ಹೊಸ ಬೆಲ್ಟ್ ಮೊದಲ ಓಟದಲ್ಲೇ ಸ್ವಲ್ಪ ಹಿಗ್ಗಿ ತೋಡಿನೊಳಗೆ ಕೂರುತ್ತದೆ. ಹಾಗಾಗಿ ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ, ಆರಿಸಿ, ತಣಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ಈ ಎರಡನೆಯ ನೋಟವನ್ನು ಬಿಡುವುದರಿಂದಲೇ ಹೊಸ ಬೆಲ್ಟುಗಳು ಜಾರಿ ಸುಡುತ್ತವೆ.

ಗೆರೆಗಳ ಅಗಲ ಬೆಲ್ಟಿರುವ ಗಾಡಿಗಳಲ್ಲಿ ಸ್ಪ್ರಿಂಗಿನ ಟೆನ್ಷನರ್ ಬಿಗಿಯನ್ನು ತಾನೇ ನೋಡಿಕೊಳ್ಳುತ್ತದೆ. ಅಲ್ಲಿ ನೋಡಬೇಕಾದ್ದು ಒಂದೇ: ಎಲ್ಲ ಗೆರೆಗಳೂ ಎಲ್ಲ ಪುಲ್ಲಿಗಳ ಮೇಲೂ ಕೂತಿರಬೇಕು. ಒಂದು ಗೆರೆ ಅಂಚಿನಿಂದ ಆಚೆ ಬಿದ್ದಿದ್ದರೂ ಬೆಲ್ಟ್ ಸೀಳಿ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ಕಟ್ ಆಯಿತು ಎನ್ನೋಣ. ಕೆಂಪು ದೀಪ ಕಂಡೊಡನೆ, ಉಷ್ಣತೆಯ ಮುಳ್ಳು ಏರಲು ಕಾಯದೆ ಗಾಡಿಯನ್ನು ಬದಿಗೆ ತನ್ನಿ. ಘಾಟಿ ಇಳಿಜಾರಾದರೆ ಬ್ರೇಕನ್ನು ಪಟಪಟ ಒತ್ತಿ ಉಳಿದ ವ್ಯಾಕ್ಯೂಮ್ ಕಳೆಯಬೇಡಿ. ಗೇರ್ ಇಳಿಸಿ ಎಂಜಿನ್ನಿನ ತಡೆಯಲ್ಲೇ ವೇಗ ತಗ್ಗಿಸಿ, ಪೆಡಲನ್ನು ಒಂದೇ ಸಲ ಪೂರ್ತಿ ಬಲದಿಂದ ಒತ್ತಿ ಹಿಡಿಯಿರಿ, ಹ್ಯಾಂಡ್‌ಬ್ರೇಕ್ ಸೇರಿಸಿಕೊಳ್ಳಿ, ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಎರಚುತ್ತದೆ. “ಪೇಟೆ ಇಲ್ಲೇ ನಾಲ್ಕು ಕಿಲೋಮೀಟರ್, ಹೋಗಿಬಿಡೋಣ ಮಾರಾಯ್ರೆ” ಎನ್ನುವವರ ಮಾತು ಕೇಳಬೇಡಿ. ಲೋಡಿದ್ದ ಗಾಡಿಯಲ್ಲಿ ಆ ನಾಲ್ಕು ಕಿಲೋಮೀಟರ್ ಸಾಕು, ಹೆಡ್ ಬೆಂಡಾಗಿ ಗ್ಯಾಸ್ಕೆಟ್ ಸುಡಲು. ಹೆಡ್ ಬಿಚ್ಚಿ, ಲೇತಿಗೆ ಒಯ್ದು ಫೇಸಿಂಗ್ ಮಾಡಿಸಿ, ಮತ್ತೆ ಕೂರಿಸುವ ಖರ್ಚು ಸಾವಿರಗಳ ಲೆಕ್ಕ, ಗಾಡಿ ದಿನಗಟ್ಟಲೆ ಗ್ಯಾರೇಜಿನಲ್ಲಿ. ಬೆಲ್ಟಿನ ಜಾಗದಲ್ಲಿ ನೈಲಾನ್ ಹಗ್ಗ ಕಟ್ಟುವ ಉಪಾಯವನ್ನೂ ನಂಬಬೇಡಿ. ಹಗ್ಗಕ್ಕೆ ಬೆಣೆಯ ಹಿಡಿತವಿಲ್ಲ, ಗಂಟು ಫ್ಯಾನಿಗೆ ಸಿಕ್ಕಿದರೆ ರೇಡಿಯೇಟರ್ ಕೂಡ ಹೋಗುತ್ತದೆ.

ಆ ಕೆಂಪು ದೀಪದ ಬಲ್ಬು ಸುಟ್ಟಿಲ್ಲವೇ ಎಂಬುದನ್ನೂ ನೋಡಿಕೊಂಡಿರಬೇಕು. ಕೀಲಿ ಆನ್ ಮಾಡಿದಾಗ ಅದು ಹೊತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಕೀಲಿ ತಿರುಗಿಸಿದಾಗ ಹೊತ್ತದ ದೀಪ ಘಾಟಿಯಲ್ಲೂ ಹೊತ್ತುವುದಿಲ್ಲ.

ಬದಲಿಸುವ ದಿನ ನೆನಪಿಡಲು ಒಂದು ಸುಲಭ ದಾರಿ ಇದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಲೇಬೇಕು. ಆಗ ಗಾಡಿ ಹೇಗೂ ಗ್ಯಾರೇಜಿನಲ್ಲಿ ನಿಂತಿರುತ್ತದೆ, ಬಣ್ಣಕ್ಕೂ ದೀಪಕ್ಕೂ ಬ್ರೇಕಿಗೂ ದುಡ್ಡು ಸುರಿಯುತ್ತೀರಿ. ಅದೇ ದಿನ ಬೆಲ್ಟ್ ಕಳಚಿ ನೋಡಿ. ಸ್ವಲ್ಪ ಅನುಮಾನವಿದ್ದರೂ ಹೊಸದು ಹಾಕಿ, ದಿನಾಂಕವನ್ನು ಬಾನೆಟ್ಟಿನ ಒಳಮೈಗೆ ಪೇಂಟಿನಲ್ಲಿ ಬರೆದಿಡಿ. ತೆಗೆದ ಹಳೆಯದು ತುಂಡಾಗುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಎಸೆಯಬೇಡಿ. ಒಣ ಚೀಲಕ್ಕೆ ಹಾಕಿ, ಆ ಎರಡು ಬೋಲ್ಟುಗಳಿಗೆ ಹೊಂದುವ ರಿಂಗ್ ಸ್ಪ್ಯಾನರುಗಳ ಜೊತೆಗೆ ಸೀಟಿನ ಹಿಂದೆ ಇಡಿ. ನಾಳೆ ಬೆಳಿಗ್ಗೆ ಲೋಡಿಗೆ ಹೊರಡುವ ಮುಂಚೆ, ಎಂಜಿನ್ ತಣ್ಣಗಿರುವಾಗಲೇ ಒಮ್ಮೆ ಬಾನೆಟ್ ಎತ್ತಿ, ಬೆಲ್ಟ್ ತಿರುಚಿ ನೋಡಿ.